ಹಳೆಯ ಕಾಲರಿನ ಕಾಗದ

ಸೂಜಿ ಹೊಕ್ಕ ಉಗುರು ಇನ್ನೂ ಕಪ್ಪಗೇ ಇತ್ತು. ಆದರೂ ಅವಳು ದಿನಕ್ಕೆ ಇನ್ನೂರು ಕಾಲರ್ ಹೊಲಿಯುತ್ತಿದ್ದಳು. ಅಂಗಿ ಹೊಲಿಯುವ ಶೆಡ್ಡಿನಲ್ಲಿ ನಾವೆಲ್ಲ ಅವಳನ್ನು ಕಾಲರಕ್ಕ ಎನ್ನುತ್ತಿದ್ದೆವು. ಮನೆಗೊಂದು ಹೊಲಿಗೆ ಯಂತ್ರವನ್ನು ಸಾಲದಲ್ಲಿ ತಂದಿದ್ದಳು, ಮಗಳು ಕಲಿಯಲೆಂದು. ಬೆಲೆಗಳು ಏರಿದವೆಂದು ಬ್ಯಾಂಕು ಬಡ್ಡಿ ಏರಿಸಿತ್ತು. ಈ ತಿಂಗಳ ಕಂತು ತಪ್ಪಿದರೆ ಯಂತ್ರ ಹೋಗುತ್ತಿತ್ತು.

ಅಂಥ ಹೊತ್ತಿನಲ್ಲೇ ಮಾಲೀಕ ಬಂದ.

“ಕಾಲರ್ ಕೂಲೀಲಿ ಹತ್ತರಲ್ಲಿ ಒಂದು ಪಾಲು ಕಡಿತ. ನಾನೇನ್ ಮಾಡ್ಲಿ? ಬೆಲೆ ಏರ್ತು ಅಂತ ಬಡ್ಡಿ ಏರಿಸಿದ್ರು. ಬಡ್ಡಿ ಚೆನ್ನಾಗಿದೆ ಅಂತ ಹೊರಗಿನೋರು ಡಾಲರ್ ತಂದು ಸುರಿದ್ರು. ಡಾಲರ್ ಅಗ್ಗ ಆಯ್ತು. ನಮ್ಮ ಅಂಗಿ ಮಾರೋದು ಡಾಲರಿಗೆ. ಅದೇ ಅಂಗಿಗೆ ಈಗ ನಂಗೆ ಬರೋ ದುಡ್ಡೇ ಕಮ್ಮಿ.”

ಗುಂಡಿ ಹೊಲಿಯುತ್ತಿದ್ದ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಲ್ಲ ಸರಿಯಾಗಿಯೇ ಇತ್ತು. ಅನುಮಾನ ಬಂದಿದ್ದೇ ಅದಕ್ಕೆ.

“ಹೋದ ವರ್ಷನೂ ಡಾಲರ್ ಅಂದ್ರಲ್ವಾ ಸಾರ್?” ಎಂದಳು ಕಾಲರಕ್ಕ.

“ಅದು ಬೇರೆ ಡಾಲರ್ ಕಣಕ್ಕಾ!” ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

“ನಿಂಗದೆಲ್ಲ ಅರ್ಥ ಆಗಲ್ಲ. ಸುಮ್ನೆ ಹೊಲಿ,” ಎಂದ ಮಾಲೀಕ.

ನಮ್ಮಲ್ಲೊಂದು ರೂಢಿ. ಕೂಲಿದರ ಬದಲಾದಾಗ ಕತ್ತರಿ ಮಾಸ್ತರರು ಹೊಸ ದರ, ಅದರ ಕಾರಣ ಎರಡನ್ನೂ ಬಟ್ಟೆ ಕತ್ತರಿಸಲು ಬಳಸುವ ಅಳತೆಕಾಗದದ ಬೆನ್ನಿಗೆ ಬರೆದು ಮಾಲೀಕನ ರುಜು ಹಾಕಿಸುತ್ತಾರೆ. ಹಳೆಯ ಕಾಗದವನ್ನು ಎಸೆಯುವುದಿಲ್ಲ. ಮುಂದೆ ಅದೇ ಅಳತೆ ಬೇಕಾದೀತೆಂದು ಮೊಳೆಗೆ ತೂಗುಹಾಕುತ್ತಾರೆ.

ಅಕ್ಕ ಎದ್ದು, ಹೋದ ವರ್ಷದ ಕಾಲರ್ ಕಾಗದವನ್ನು ಮೊಳೆಯಿಂದ ತೆಗೆದಳು. ಬೆರಳಿಟ್ಟು ಓದಿದಳು: “ಡಾಲರ್ ದುಬಾರಿ. ಹೊರಗಿಂದ ತರಿಸುವ ದಾರ, ಗುಂಡಿ ದುಬಾರಿ. ಕಾಲರಿಗೆ ಹತ್ತರಲ್ಲಿ ಒಂದು ಪಾಲು ಕಡಿತ.”

ಕೆಳಗೆ ಮಾಲೀಕನ ರುಜು. ಅಕ್ಕ ಅವನತ್ತ ತಿರುಗಿದಳು.

“ಆಗ ಡಾಲರ್ ಏರಿ ಅಂಗಿಗೆ ಜಾಸ್ತಿ ದುಡ್ಡು ಬಂತಲ್ಲ, ಅದನ್ನ ಹೇಳ್ಲಿಲ್ಲ. ಈಗ ಡಾಲರ್ ಇಳಿದು ದಾರ ಅಗ್ಗ ಆಗಿದೆಯಲ್ಲ, ಅದನ್ನೂ ಹೇಳ್ತಿಲ್ಲ. ಏರಿದ್ರೂ ನಮ್ಮ ಹೊಟ್ಟೆಗೇ ಏಟು, ಇಳಿದ್ರೂ ನಮ್ಮ ಹೊಟ್ಟೆಗೇನಾ ಸಾರ್?”

“ಮಾಸ್ತರೇ, ಆ ಕಾಗದ ಒಳಗಿಡಿ,” ಎಂದ ಮಾಲೀಕ.

ಮಾಸ್ತರರು ಅಲುಗಲಿಲ್ಲ. ಅಕ್ಕ ಕಾಗದವನ್ನು ಎಲ್ಲರಿಗೂ ಕಾಣುವಂತೆ ಬಾಗಿಲಿಗೆ ಗುಂಡುಸೂಜಿಯಲ್ಲಿ ಚುಚ್ಚಿದಳು. ನಾನು ಪೆಡಲಿನಿಂದ ಕಾಲೆತ್ತಿದೆ. ಪಕ್ಕದವಳೂ ಎತ್ತಿದಳು. ಮೂವತ್ತೆರಡು ಯಂತ್ರಗಳು ಒಂದೊಂದಾಗಿ ನಿಂತವು.

ಮಾಸ್ತರರು ಹೊಸ ಕಾಗದವನ್ನು ಮೇಜಿನ ಮೇಲೆ ಹಾಸಿ, ಪೆನ್ನಿನ ಮುಚ್ಚಳ ತೆಗೆದು ಮಾಲೀಕನ ಮುಖ ನೋಡಿದರು.

“ಈ ಸಲ ಕಾರಣ ಏನಂತ ಬರೀಲಿ ಸಾರ್?”