ಗಾರೆಯಕ್ಕ ಮನೆ ನೋಡಿದ್ದು

ಇಪ್ಪತ್ತು ವರ್ಷ ಕಂಡವರ ಮನೆಗಳಿಗೆ ಗಾರೆ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಉದುರಿತ್ತು. ಅದರ ಜೊತೆಗೇ ಹೆಸರೂ ಉದುರಿ, ಎಲ್ಲರ ಬಾಯಲ್ಲೂ ಗಾರೆಯಕ್ಕ ಆಗಿದ್ದಳು. ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಅವಳಿದ್ದ ಬಾಡಿಗೆ ಮನೆಯನ್ನು ಈ ತಿಂಗಳ ಕೊನೆಗೆ ಕೆಡವುತ್ತಾರಂತೆ. ಬ್ಯಾಂಕು ಕೊಡುವ ಸಾಲಕ್ಕೆ ಎಟುಕಿದ್ದು ಇದೊಂದೇ ಮನೆ.

"ಒಂದ್ಸಲ ಬಂದು ನೋಡಕ್ಕಾ. ನಂಗೆ ಗೋಡೆ ಅಂದ್ರೆ ಬಣ್ಣ ಅಷ್ಟೇ ಕಾಣೋದು" ಎಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕರೆತಂದಿದ್ದಳು.

ಮನೆಗೆ ಹೊಸ ಸುಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾರೆಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಡುಮನೆಯ ನೆಲಕ್ಕೆ ಒಂದು ಚೊಂಬು ನೀರು ಸುರಿದಳು. ನೀರು ಹಿಂದಿನ ಮೂಲೆಗೆ ಓಡಿತು. ಅಲ್ಲಿ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿದಳು. ಟೊಳ್ಳು ಸದ್ದು. ಹಿತ್ತಲಿಗೆ ಹೋಗಿ ನೋಡಿದರೆ ಅಲ್ಲೊಂದು ಕಲ್ಲಿನ ತೊಟ್ಟಿ. ಹಿಂದೊಮ್ಮೆ ಹಿತ್ತಲ ಬಾಗಿಲಿಂದ ಕೆಲಸಕ್ಕೆ ಬಂದಾಗ ತಾನು ಅದರಲ್ಲೇ ಕೈಕಾಲು ತೊಳೆದದ್ದು ನೆನಪಾಯಿತು.

ಒಳಗೆ ಬಂದು, ಮನೆ ತೋರಿಸಲು ಬಂದಿದ್ದ ಮಾಲೀಕನನ್ನು ಕೇಳಿಯೇಬಿಟ್ಟಳು. "ಯಜಮಾನ್ರೇ, ಎಂಟು ವರ್ಷದ ಹಿಂದೆ ಈ ಮೂಲೆ ಕುಸಿದಿತ್ತಲ್ವಾ? ಪಾಯ ರಿಪೇರಿ ಮಾಡ್ಸಿದ್ರಿ."

ಅವನು ಜೇಬಿನಿಂದ ಕಾಗದ ತೆಗೆದ. "ನೋಡಮ್ಮ, ಬ್ಯಾಂಕಿನ ಇಂಜಿನಿಯರು ಕೊಟ್ಟಿರೋದು. ಪಾಯ ಭದ್ರ ಅಂತ ಬರ್ದಿದೆ."

"ಅವ್ರು ಹೊಸ್ತಿಲೇ ದಾಟ್ಲಿಲ್ವಂತೆ, ನನ್ ತಂಗಿ ಹೇಳಿದ್ಳು. ಅಂಗೈಯಗಲ ಗಾರೆ ಕೆರೀಲಾ? ಬಿರುಕು ಅಲ್ಲೇ ಇರುತ್ತೆ."

"ಕೊಂಡ್ಕೊಂಡ ಮೇಲೆ ಇಡೀ ಮನೆ ಒಡ್ಕೊಳ್ಳಿ. ಬೇಡ ಅಂದೋರ್ಯಾರು?"

"ಆ ಪಾಯದ ಗುಂಡೀಲಿ ನಾನೇ ಇದ್ದೆ ಸ್ವಾಮಿ. ಕಬ್ಬಿಣ ಕಟ್ಬೇಕು ಅಂತ ಮೇಸ್ತ್ರಿ ಬಡ್ಕೊಂಡ. ನೀವು, ಇಟ್ಟಿಗೆ ಚೂರು ತುಂಬಿ ಮುಚ್ಚಿ, ಸಾಕು ಅಂದ್ರಿ. ಮುಚ್ಚಿದ್ವಿ."

ಮಾಲೀಕನಿಗೆ ಸಿಟ್ಟು ಬರಲಿಲ್ಲ. ನಕ್ಕ. "ಅಂದ್ರೆ ಚೂರು ತುಂಬಿದ್ದು ನೀನು, ಮುಚ್ಚಿದ್ದೂ ನೀನು. ಹಾಗಾದ್ರೆ ಮೋಸ ಮಾಡಿದ್ಯಾರು? ಪೊಲೀಸ್ರನ್ನ ಕರೀಲಾ?"

ಮಾಡಿಸಿದವನ ಕೈಗೆ ಮಣ್ಣಿಲ್ಲ, ಹೊತ್ತವಳ ತಲೆಗೆ ಕಳಂಕ. ಎಂಥ ಹಾಳು ನ್ಯಾಯ! ಅವನು ಕಾಗದ ಮಡಚಿಟ್ಟು, ಸಹಿಗೆ ಹೊತ್ತಾಯಿತೆಂದು ಹೊರಗೆ ಹೋಗಿ ಕಾರಿನಲ್ಲಿ ಕೂತ.

"ಬೇಡ ಕಣೇ, ಈ ಮನೆ ಬಿಟ್ಬಿಡು" ಎಂದಳು ಅಕ್ಕ.

"ಬಿಟ್ಟು?"

ತನ್ನ ಮನೆಗೆ ಬಾ ಎನ್ನೋಣವೆಂದರೆ ಅಕ್ಕನದು ಹತ್ತಡಿ ತಗಡಿನ ಶೆಡ್ಡು. ಅದರಲ್ಲಿ ಆಗಲೇ ಆರು ಜನ.

ಹೊರಗೆ ಹಾರನ್ ಕೂಗಿತು. ತಂಗಿ ಕಣ್ಣೊರೆಸಿಕೊಂಡು ಮಗುವನ್ನು ಅಕ್ಕನ ಕೈಗೆ ಕೊಟ್ಟಳು.

"ಸಹಿ ಹಾಕಿ ಬರ್ತೀನಿ ಅಕ್ಕಾ. ಇವಳನ್ನ ಯಾವ ಗೋಡೆ ಪಕ್ಕ ಮಲಗಿಸ್ಬಾರ್ದು, ಅದೊಂದು ಹೇಳ್ಬಿಡು."

ಗಾರೆಯಕ್ಕ ಹಿಂದಿನ ಗೋಡೆಗೆ ಬೆರಳು ತೋರಿಸಿದಳು. ಆಮೇಲೆ ಅದರ ಪಕ್ಕದ್ದಕ್ಕೆ. ಆಮೇಲೆ ಎದುರಿನದಕ್ಕೆ. ಬೆರಳನ್ನು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.