ಕಣ್ಣಳತೆಯ ಸ್ಟೂಲು

ಮತ್ತೆ ಅದೇ ಕರ್‍ರ್ ಸದ್ದು, ಅಡುಗೆಮನೆಯ ಕಲ್ಲುನೆಲದ ಮೇಲೆ ಪ್ಲಾಸ್ಟಿಕ್ ಎಳೆಯುವ ಸದ್ದು, ಅಳಿಯ ವಿನೋದ್ ಹಿರಿಯೂರಿನಿಂದ ಹೊತ್ತು ತಂದ ಕೆಂಪು ಸ್ಟೂಲು, ಥೂ, ಅದನ್ನೂ ಸ್ಟೂಲು ಅಂತಾರೆ — ನೂರು ಕೆಜಿ ತಡೀತೈತಂತೆ ನೋಡ್ರಿ ಮಾವ, ಇಲ್ಲೇ ಬರ್ದೈತೆ, ಅಂತ ತಲೆಕೆಳಗು ಮಾಡಿ ಓದಿ ತೋರಿಸಿದ ಮಹಾನುಭಾವ, ನಲವತ್ತು ವರ್ಷ ಮರ ಕೊಯ್ದವನಿಗೆ ಸ್ಟೂಲಿನ ಪಾಠ, ಹಿತ್ತಿಲಿಗೆ ಬಂದು ಹಳೇ ಬಾಗಿಲ ಚೌಕಟ್ಟಿನ ಬೇವಿನ ಮರ ಎಳೆದು ಹಾಕಿ ಗರಗಸ ಹಚ್ಚಿದೆ, ಈಗ ಅದರ ಕಹಿ ಪುಡಿ ಗಂಟಲಿಗೆ ಇಳಿಯುತ್ತಿದೆ, ಇಳಿಯಲಿ, ಅಳಿಯನ ಮಾತಿಗಿಂತ ಇದೇ ವಾಸಿ. ನನ್ನ ಸ್ಟೂಲಿನ ನಾಲ್ಕು ಕಾಲೂ ಕೊಂಚ ಹೊರಕ್ಕೆ ಚಾಚಬೇಕು, ಅದಕ್ಕೆ ತೂತನ್ನೇ ಓರೆಯಾಗಿ ಕೊರೆಯಬೇಕು, ಕಾಲಿನ ತುದಿಯನ್ನು ಅದರೊಳಗೆ ಬಡಿದು ಬೆಣೆ ಕೊಟ್ಟರೆ ಮುಗಿಯಿತು, ಮೊಳೆ ಬೇಡ, ಮೊಳೆ ಹೊಡೆಯುವವನು ಬಡಗಿಯಲ್ಲ, ಡಬ್ಬ ಮುಚ್ಚುವವನು, ನಮ್ಮೂರು ತಾಳ್ಯದ ತುಂಬ ಈಗ ಅಂಥವರೇ, ಫೋನಿನಲ್ಲಿ ಚಿತ್ರ ತೋರಿಸುತ್ತಾರೆ, ಹಲಗೆಗೆ ಹಲಗೆ ಅಂಟಿಸುತ್ತಾರೆ, ಫರ್ನಿಚರ್ ಅಂತ ಬೋರ್ಡು ಬರೆಸುತ್ತಾರೆ.

ದುರ್ಗದ ಡಾಕ್ಟರು ನನ್ನ ಹೆಂಡತಿ ಕಾಳಕ್ಕನ ಮಂಡಿ ಕೊಯ್ದು ಹೊಲಿದು ಕಳಿಸುವಾಗ ಹೇಳಿದ್ದು ಇಷ್ಟೇ, ಅಮ್ಮಾ, ಇನ್ಮೇಲೆ ನೆಲಕ್ಕೆ ಕುಂತ್ಕಳಂಗಿಲ್ಲ, ಎತ್ತರದ ಮೇಲೆ ಕುಂತು ಪಾದ ಪೂರ್ತಿ ನೆಲಕ್ಕೆ ಊರ್ಬೇಕು, ಕಾಲು ಜೋತಾಡಿದ್ರೆ ಮಂಡಿ ಊದ್ಕಂತೈತೆ — ಮಗಳು ರಮ್ಯಾ ಅದನ್ನೇ ಹಿಡಿದುಕೊಂಡಳು, ಇಲ್ಲಿ ಸರಿಯಾಗಿ ಕುಂತ್ಕಳಾಕೆ ಆಗಲ್ಲ ಅಂದ್ರೆ ಅಮ್ಮನ್ನ ಹಿರಿಯೂರಿಗೆ ಕರ್ಕಂಡು ಹೋಗ್ತೀನಪ್ಪ, ನಮ್ಮನ್ಯಾಗೆ ಸೋಫಾ ಐತೆ, ಸೋಫಾ ಅಂತೆ, ಮೇಲೆ ಬಟ್ಟೆ ಒಳಗೆ ಹೊಟ್ಟು, ನನ್ನ ಹೆಂಡತಿ ನನ್ನ ಮನೆ ಬಿಟ್ಟು ಹೊಟ್ಟಿನ ಮೇಲೆ ಕೂರಬೇಕಂತೆ, ನನ್ನ ಮನೆಯಲ್ಲಿ ಅವಳಿಗೆ ಕೂರಲು ಜಾಗವಿಲ್ಲವಂತೆ, ಊರಿಗೆಲ್ಲ ಕುರ್ಚಿ ಮಾಡಿಕೊಟ್ಟ ಚಿತ್ತಪ್ಪನ ಮನೆಯಲ್ಲಿ! ಮೇಲೆ ಟೇಪು ಬೇರೆ ಹಿಡಿದು ಬಂದಳು, ಅಮ್ಮನ ಕಾಲಿನ ಅಳತೆ ತಗಂಬಿಡಪ್ಪ ಒಂದ್ಸಲ, ಹೋಗೇ, ನಲವತ್ತು ವರ್ಷ ಸಂಸಾರ ಮಾಡಿದೋಳಿಗೆ ಟೇಪು ಹಿಡೀಬೇಕೇನೇ, ಅಂದೆ, ಸರಿಯಾಗೇ ಅಂದೆ. ಟೇಪು ಕಣ್ಣಿಲ್ಲದವರಿಗೆ. ಶಿವಕುಮಾರಪ್ಪ ಪಂಚಾಯ್ತಿ ಕಟ್ಟೆಯ ಮೇಲೆ ಕೂತಿದ್ದನ್ನು ಒಮ್ಮೆ ನೋಡಿ ಕುರ್ಚಿ ಮಾಡಿದವನು ನಾನು, ಕೂತ ತಕ್ಷಣ ಆಹಾ ಚಿತ್ತಣ್ಣ ಅಂದ, ಒಂದು ನೂಲು ಆಚೆ ಈಚೆ ಇರಲಿಲ್ಲ.

ಮುಗಿಯಿತು, ಅಂಚು ಉಜ್ಜಿದೆ, ಎಣ್ಣೆ ಸವರಿದೆ, ಮೇಲೆ ನಿಂತು ಕುಣಿದೆ, ಅಲುಗಲಿಲ್ಲ, ಒಳಗೆ ತೆಗೆದುಕೊಂಡು ಹೋಗಿ ಕೆಂಪು ಸ್ಟೂಲನ್ನು ಕಾಲಿನಿಂದ ಮೂಲೆಗೆ ತಳ್ಳಿದೆ, ವಿನೋದ್ ಮುಖ ನೋಡಬೇಕಿತ್ತು. ಕಾಳಕ್ಕ ಗೋಡೆ ಹಿಡಿದು ನಿಂತಿದ್ದಳು, ಕುಂತ್ಕ ಅಂದೆ, ಕುಂತ್ಕಂತೀನಿ ಇರ್ರಿ, ನೀವು ಆಚೆ ಹೋಗ್ರಿ, ಯಾಕೆ ಅಂದೆ, ನಿಮ್ಮ ಮುಂದೆ ಹೆಂಗೆ ಕುಂತ್ಕಳ್ಳಿ — ಎಲಾ ಇವಳಾ, ಇನ್ನೂ ನಮ್ಮವ್ವ ಹೇಳಿಕೊಟ್ಟ ಪಾಠ, ಗಂಡ ನಿಂತಿರುವಾಗ ಹೆಂಡತಿ ಎತ್ತರದ ಮೇಲೆ ಕೂರಬಾರದು, ಅವ್ವ ಸತ್ತು ಇಪ್ಪತ್ತು ವರ್ಷವಾಯಿತು, ನಾನಾದರೂ ಬಿಡು ಅಂತ ಹೇಳಿದೆನೇ, ಇಲ್ಲ, ನನಗೂ ಅದು ಹಿತವಾಗೇ ಇತ್ತು. ಹೊರಗೆ ಬಂದೆ, ಸುಮ್ಮನೆ ಹೋಗಬೇಕಿತ್ತು, ಕಿಟಕಿಯಲ್ಲಿ ಇಣುಕಿದೆ, ಮೆಚ್ಚುಗೆ ಕೇಳುವ ಚಪಲ.

ಕೂತಿದ್ದಾಳೆ. ಸೀರೆ ಸರಿಮಾಡಿಕೊಂಡು, ಎರಡೂ ಕೈ ಹಲಗೆಗೆ ಊರಿ, ಕಾಲ್ಬೆರಳ ತುದಿಯಿಂದ ನೆಲ ಹುಡುಕುತ್ತಿದ್ದಾಳೆ, ಸರಿ ಐತೇನಮ್ಮಾ ಅಂತಾಳೆ ರಮ್ಯಾ, ಹ್ಞೂಂ ಚೆನ್ನಾಗೈತೆ, ಎತ್ತರ ಆತಲ್ಲಮ್ಮ, ಸುಮ್ನಿರು, ನಿಮ್ಮಪ್ಪಗೆ ಹೇಳ್ಬೇಡ — ಶಿವಕುಮಾರಪ್ಪ ಕೂತದ್ದನ್ನು ನೋಡಿದ್ದೆ, ಊರವರೆಲ್ಲ ಕೂತದ್ದನ್ನು ನೋಡಿದ್ದೆ, ಇವಳು ಕೂತದ್ದನ್ನು ಯಾವಾಗ ನೋಡಿದೆ, ಹಸೆಮಣೆ ಮೇಲೆ ಕಾಲು ಮಡಚಿ, ಒಲೆ ಮುಂದೆ ಕಾಲು ಮಡಚಿ, ಬಸ್ಸಿನಲ್ಲಿ ಅವಳು ಮುಂದೆ ನಾನು ಹಿಂದೆ, ಆಸ್ಪತ್ರೆಯಲ್ಲಿ ಕುತ್ತಿಗೆವರೆಗೆ ಹೊದಿಕೆ, ಕಣ್ಣಳತೆಯಂತೆ, ಯಾವ ಕಣ್ಣು, ಥೂ ನಿನ್ನ, ಬಡಗಿಯಂತೆ ಬಡಗಿ, ಸ್ಟೂಲಿನ ಕಾಲು ಎರಡು ಬೆರಳಷ್ಟು ಕೊಯ್ದರೆ ಮುಗಿಯಿತು, ಗರಗಸ ಹಿತ್ತಿಲಲ್ಲೇ ಇದೆ, ಎರಡೋ ಮೂರೋ, ಒಳಗೆ ಹೋಗಿ ನೋಡಬೇಕು, ಹೋದರೆ ಎದ್ದುಬಿಡುತ್ತಾಳೆ, ಈ ಮಂಡಿಯಲ್ಲೂ ಎದ್ದುಬಿಡುತ್ತಾಳೆ, ಎರಡೋ ಮೂರೋ, ಬಿರುಕು ಬಿಟ್ಟ ಹಿಮ್ಮಡಿ, ನೆಲ ಮುಟ್ಟದ ಹಿಮ್ಮಡಿ, ಎರಡು ಹಿಮ್ಮಡಿ, ಗಾಳಿಯಲ್ಲಿ —