ಎರಡು ಸಣ್ಣ ಸೀಟಿ

ಕ್ಯಾಲೆಂಡರಿನ ಸೆಪ್ಟೆಂಬರ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಪಾಲಪ್ಪ ಗೆರೆ ಎಳೆಯುತ್ತಿದ್ದ. ಹೊಸಪೇಟೆಗೊಂದು ಚುಕ್ಕೆ, ಬಳ್ಳಾರಿಗೊಂದು, ಗುಂತಕಲ್ಲಿಗೊಂದು. ತಾಡಪತ್ರಿ ದಾಟಿದ ಮೇಲೆ ಗೆರೆ ಸೊಟ್ಟಪಟ್ಟ ಹರಿದು, ಸೊಸೆ ಹೇಮಾವತಿ ಫೋನಿನಲ್ಲಿ ತೋರಿಸಿದ ಕೆಂಪು ಬಂಡೆಗಳ ಕಣಿವೆಯ ಅಂಚಿಗೆ ಹೋಗಿ ನಿಂತಿತು. ಬಂಡೆ ಸೀಳಿಕೊಂಡು ಪೆನ್ನಾ ಹೊಳೆ ಹರಿಯುವ ಜಾಗ. ಸುತ್ತ ಜಾಲಿ, ಬಿಸಿಲು, ಮತ್ತೇನಿಲ್ಲ.

“ಇಲ್ಲಿ ಟೆಂಟು ಹಾಕೋದು. ನಾಕು ರಾತ್ರಿ,” ಎಂದ.

“ನಾಯಿಗೆ ಹನಿಮೂನು,” ಎಂದಳು ಹುಲುಗಮ್ಮ, ಮಿರ್ಚಿಗೆಂದು ಮೆಣಸಿನಕಾಯಿ ಸೀಳುತ್ತಾ. “ಮದುವಿ ಆದ ಹೊಸದಾಗಿ ನನಗ ಈ ಮನಿಷಾ ಹಂಪಿನೂ ತೋರಿಸ್ಲಿಲ್ಲ, ನೋಡವ್ವ ಹೇಮಾ.”

ಪಾಲಪ್ಪನಿಗೆ ಅದು ಕೇಳಿಸಲಿಲ್ಲ. ಸಂಡೂರಿನ ಗುಡ್ಡದ ಗಣಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಬ್ಲಾಸ್ಟರ್ ಆಗಿದ್ದವನು. ಬಂಡೆಯ ತೂತಿಗೆ ಮದ್ದು ತುಂಬಿ ಸಿಡಿಸುವ ಕೆಲಸ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಕೂಗಿ ಹೇಳಿದರೆ ಅಷ್ಟಿಷ್ಟು. ಹುಲುಗಮ್ಮ ಗಂಡನ ಬಗ್ಗೆ ಆಡಬೇಕಾದ ಮಾತನ್ನೆಲ್ಲ ಅವನ ಎಡಗಡೆ ಕೂತೇ ಆಡುತ್ತಿದ್ದಳು.

ಅವನ ಕಾಲ ಬಳಿ ಕೆಂಪಿ ಮಲಗಿತ್ತು. ಅದು ಬಿಳಿ ನಾಯಿ. ಗಣಿಯಲ್ಲಿ ಹುಟ್ಟಿ, ಅದಿರಿನ ಧೂಳಿನಲ್ಲೇ ಹೊರಳಿ ಬೆಳೆದದ್ದು. ಗಣಿ ಮುಚ್ಚಿದ ದಿನ ಪಾಲಪ್ಪ ಮನೆಗೆ ತಂದಾಗ ಹೇಮಾವತಿ ಮೂರು ಬಕೀಟು ನೀರು ಸುರಿದ ಮೇಲೇ ಅದರ ಬಣ್ಣ ಗೊತ್ತಾದದ್ದು. ಹೆಸರು ಮಾತ್ರ ಹಾಗೇ ಉಳಿಯಿತು. ಈಗ ಅದಕ್ಕೆ ಹದಿಮೂರು ವರ್ಷ. ಹೋದ ದೀಪಾವಳಿಗೆ ಪಟಾಕಿಗೆ ಹೆದರಿ ಓಡಿಹೋಗಿ ಮೂರನೆಯ ದಿನ ಸಿಕ್ಕಿತ್ತು. “ಹಾರ್ಟ್ ವೀಕ್ ಐತ್ರಿ. ಇನ್ನೊಂದು ಸಲ ಹಿಂಗಾದ್ರ ತಡಿಯಂಗಿಲ್ಲ. ನಿದ್ದಿ ಗುಳಿಗಿನೂ ಕೊಡಂಗಿಲ್ಲ,” ಎಂದಿದ್ದರು ಪಶು ಡಾಕ್ಟರು. ಹಬ್ಬಕ್ಕೆ ಇನ್ನು ಹತ್ತು ದಿನ ಇತ್ತು.

ಮಗ ಯಲ್ಲೇಶ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲೇ ಅಪ್ಪನ ಬಲಗಿವಿಗೆ ಬಾಗಿದ. “ರಜಾ ಸಿಗಲಿಲ್ಲಪ್ಪಾ. ಬಿಹಾರದ ಹುಡುಗ್ರೆಲ್ಲ ಹಬ್ಬಕ್ಕ ಊರಿಗೆ ಹೊಂಟಾರ. ಕ್ರೇನಿಗೆ ನಾನೊಬ್ಬನಾ ಉಳಿದೀನಿ. ನಾಯಿನ್ನ ಬಚ್ಚಲಾಗ ಕೂಡಿ ಹಾಕಿ, ಟಿವಿ ಜೋರು ಇಟ್ರಾತು.”

ಪಾಲಪ್ಪ ಕ್ಯಾಲೆಂಡರಿನ ಹಾಳೆಯನ್ನು ಮಡಚತೊಡಗಿದ. ಎರಡು ಮಡಿಕೆ, ನಾಲ್ಕು ಮಡಿಕೆ.

“ಬಿಚ್ರಿ ಮಾವ ಅದನ್ನ,” ಎಂದಳು ಹೇಮಾವತಿ. “ವ್ಯಾನು ನಾನು ಓಡಿಸ್ತೀನಿ.”

ವ್ಯಾನು ಅವಳದೇ. ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿಕೊಂಡು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರುವ ಹಳೆಯ ಓಮ್ನಿ. ಒಲೆ, ಸಿಲಿಂಡರು, ನೀರಿನ ಕ್ಯಾನು ಎಲ್ಲ ಅದರಲ್ಲೇ.

“ಹಬ್ಬದ ವ್ಯಾಪಾರ ಬಿಟ್ಟು?” ಎಂದ ಯಲ್ಲೇಶ್.

“‘ಅಕ್ಕಾ, ಇನ್ನೆರಡು ಬಿಸಿ ಮಿರ್ಚಿ’ ಅನ್ನೋರು ಇಲ್ದ ಜಾಗಾ ನನಗೂ ಬೇಕಾಗೇತಿ. ನಿನಗೇನು, ನಿಮ್ಮವ್ವ ಅದಾಳ ಅನ್ನಕ್ಕ.”

“ಅದಾಳ ತಗೋ ನಿಮ್ಮವ್ವ,” ಎಂದಳು ಹುಲುಗಮ್ಮ. “ಹಬ್ಬದ ದಿನ ಮನಿಗೆ ಕೀಲಿ ಜಡೀಬಾರ್ದು. ದೀಪಾ ಹಚ್ಚಾಕ ಒಬ್ರು ಇರಬೇಕಲ್ಲ. ನಾಯಿ, ಯಜಮಾನ, ಸೊಸಿ ಮೂವರೂ ಸವಾರಿ ಹೋಗ್ರಿ.”

ಕಣಿವೆಯ ಅಂಚಿನಲ್ಲಿ ಟೆಂಟು ಬಾಡಿಗೆಗೆ ಕೊಡುವವನಿಗೆ ಹೇಮಾವತಿ ಆಗಲೇ ಫೋನು ಹಚ್ಚಿದಳು. ನಾಯಿ ತಂದರೆ ನಡೆಯುತ್ತದಾ, ನೀರಿದೆಯಾ, ಹೆಂಗಸರಿಗೆ ಕಕ್ಕಸ ಇದೆಯಾ, ಚಿರತೆ ಗಿರತೆ? ಗಣಿಯಲ್ಲಿ ತೆಲುಗರ ಜೊತೆ ದುಡಿದ ಪಾಲಪ್ಪ ಎಲ್ಲ ಮುಗಿಯುವವರೆಗೆ ಕಾದು, ಫೋನು ಕಸಿದುಕೊಂಡು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದ: ಹತ್ತಿರ ಕಲ್ಲಿನ ಕ್ವಾರಿ ಇದೆಯಾ? ಉತ್ತರ ಕೇಳಿಸದೆ ಫೋನನ್ನು ಮತ್ತೆ ಸೊಸೆಯ ಕೈಗಿಟ್ಟು ಅವಳ ಮುಖ ನೋಡಿದ.

“ಎರಡು ಕಿಲೋಮೀಟರ್ ಆಚೆ ಒಂದೈತಂತ. ಹಬ್ಬಕ್ಕ ರಜಾ ಅಂತ, ಚಿಂತಿಲ್ಲ.”

“ರಜಾದ ಹಿಂದಿನ ದಿನಾನ ಚಿಂತಿ,” ಎಂದ ಪಾಲಪ್ಪ. “ತುಂಬಿದ ತೂತು ಬಿಟ್ಟು ಯಾವ ಬ್ಲಾಸ್ಟರೂ ಹಬ್ಬಕ್ಕ ಮನಿಗೆ ಹೋಗಂಗಿಲ್ಲ. ಇದ್ದಬದ್ದದ್ದೆಲ್ಲ ಅವತ್ತಾ ಹೊಡೀತಾರ. ಕಡೀ ಶಾಟ್ ಎಷ್ಟಕ್ಕ, ಕೇಳು.”

ಟೆಂಟಿನವನು ಯಾರನ್ನೋ ವಿಚಾರಿಸಿ ಮತ್ತೆ ಫೋನು ಮಾಡಿದ: ನಾಲ್ಕು ಗಂಟೆಗೆ. ಹಾಗಾದರೆ ಅದೇ ದಿನ ಬೆಳಿಗ್ಗೆ ಪಟಾಕಿ ಶುರುವಾಗುವ ಮೊದಲೇ ಮನೆ ಬಿಡುವುದು, ಗುಂತಕಲ್ಲಿನ ಆಚೆ ಯಾವುದಾದರೂ ಬೇವಿನ ಮರದಡಿ ಮಧ್ಯಾಹ್ನ ಕಳೆಯುವುದು, ಐದರ ಮೇಲೆ ಕಣಿವೆ ಮುಟ್ಟುವುದು. ಪಾಲಪ್ಪ ಹಾಳೆಯಲ್ಲಿ ಒಂದು ಮರ ಬರೆದ.

ಹೇಮಾವತಿ ಸಾಮಾನಿನ ಪಟ್ಟಿ ಮಾಡತೊಡಗಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಟಾರ್ಪಾಲು, ನಾಯಿಗೆ ಹಳೆಯ ಕೌದಿ. “ನಿಮ್ಮ ಗಣಿ ಸೀಟಿ ತಗೊಳ್ರಿ ಮಾವ. ಬಯಲಾಗ ತಪ್ಪಿಸ್ಕಂಡ್ರ ಕರಿಯಾಕ ಬೇಕಾಗ್ತತಿ.”

“ಅದು ಬ್ಯಾಡ.”

ಅಷ್ಟು ಜೋರಾಗಿ ಅಂದದ್ದಕ್ಕೆ ಹುಲುಗಮ್ಮ ಕೂಡ ತಲೆ ಎತ್ತಿದಳು. ಪಾಲಪ್ಪ ನಾಯಿಯ ಬೆನ್ನು ನೋಡುತ್ತಾ ಹೇಳಿದ. “ಹ್ವಾದ ವರ್ಷ ಅದನ್ನ ಓಡಿಸಿದ್ದು ಪಟಾಕಿ ಅಲ್ಲ. ನಾನು.”

ಗಣಿಯಲ್ಲಿ ಮದ್ದು ಸಿಡಿಸುವ ಮುಂಚೆ ಒಂದು ಉದ್ದ ಸೀಟಿ. ಅದು ಕೇಳಿದರೆ ಆಳು, ಕುರಿ, ನಾಯಿ, ಎಲ್ಲ ದೂರ ಓಡಬೇಕು. ಸಿಡಿದು ಧೂಳು ಇಳಿದ ಮೇಲೆ ಎರಡು ಸಣ್ಣ ಸೀಟಿ: ಇನ್ನು ಬರಬಹುದು. ಕೆಂಪಿ ಮರಿಯಿದ್ದಾಗಿಂದ ಕಲಿತದ್ದು ಅದು. ಹೋದ ಹಬ್ಬದ ದಿನ ಅದು ಬೀದಿ ತುದಿಯವರೆಗೆ ಮಾತ್ರ ಓಡಿತ್ತು. ದೂರ ಕೇಳಲಿ ಎಂದು ಪಾಲಪ್ಪ ಸೀಟಿ ತಗೊಂಡು ಉಸಿರಿದ್ದಷ್ಟೂ ಉದ್ದ ಊದಿದ. ಓಣಿ ಓಣಿ ಊದಿದ. ಎರಡು ದಿನ ಊದಿದ.

“ನಾನು ಊದಿದಂಗ ಊದಿದಂಗ ಅದು ದೂರ ಹೋತು. ಮೂರನೇ ದಿನ ಕಮಲಾಪುರದ ದಾರ್ಯಾಗ ಕುಂತಾಗ ತಲಿಗೆ ಬಂತು. ಎರಡು ಸಣ್ಣದು ಊದಿದೆ. ಮೋರಿ ಕೆಳಗಿಂದ ತೆವಳ್ಕೋತ ಬಂತು.” ಅವನು ಮೂಗು ಒರೆಸಿಕೊಂಡ. “ನಿಮಗ್ಯಾರಿಗೂ ಹೇಳಿರ್ಲಿಲ್ಲ.”

ಹುಲುಗಮ್ಮ ಮೆಣಸಿನಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹೇಮಾವತಿ ಪಟ್ಟಿಯಲ್ಲಿ ಬರೆದಿದ್ದ ‘ಸೀಟಿ’ಯನ್ನು ಹೊಡೆದುಹಾಕಿದಳು.

ಹೊರಡುವ ದಿನ ಆರು ಗಂಟೆಗೆ ವ್ಯಾನು ಬಾಗಿಲಲ್ಲಿ ನಿಂತಿತ್ತು. ರೊಟ್ಟಿಯ ಗಂಟು, ಕೌದಿ, ಟಾರ್ಪಾಲು ಎಲ್ಲ ಒಳಗೆ. ಕೆಂಪಿ ಒಂದು ಕಾಲು ಹೊಸ್ತಿಲಾಚೆ ಇಟ್ಟಿತ್ತು, ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಯಾರೋ ತಡೆಯಲಾರದೆ ಒಂದು ಆಟಂ ಬಾಂಬು ಹಚ್ಚಿದರು. ಪಾಲಪ್ಪ ತಿರುಗಿ ನೋಡುವುದರೊಳಗೆ ನಾಯಿ ಇರಲಿಲ್ಲ. ಒಳಗೆ ಮಂಚದ ಕೆಳಗೆ, ಅಕ್ಕಿ ಚೀಲದ ಹಿಂದೆ, ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಯಲ್ಲೇಶ್ ಬಾಗಿ ಕೈ ಹಾಕಿದ. ಅದು ಏದುಸಿರು ಬಿಟ್ಟದ್ದು ನೋಡಿ ಕೈ ತೆಗೆದ. ಹೇಮಾವತಿ ಬಿಸ್ಕೀಟು ತೋರಿಸಿದಳು. ಎರಡನೆಯ ಬಾಂಬು ಸಿಡಿಯಿತು.

ಹುಲುಗಮ್ಮ ಕ್ಯಾಲೆಂಡರಿನ ಹಿಂದಿನ ಮೊಳೆಯಿಂದ ಸೀಟಿ ತಂದು ಗಂಡನ ಕೈಗಿಟ್ಟಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಸುತ್ತಿ ಬಂದು ಅವನ ಬಲಗಡೆಗೆ ನಿಂತು, ಕಿವಿಗೆ ಬಾಯಿಟ್ಟಳು.

“ಊದ್ರಿ. ಸಣ್ಣದು.”

“ಉದ್ದ ಆದ್ರ? ನನಗ ಕೇಳಂಗಿಲ್ಲಲ್ಲ.”

“ನಮಗ ಕೇಳ್ತತಿ.”

ಪಾಲಪ್ಪ ನೆಲಕ್ಕೆ ಕೂತು ಸೀಟಿ ಬಾಯಿಗಿಟ್ಟ. ಕಣ್ಣು ಹೇಮಾವತಿಯ ಮುಖದ ಮೇಲಿತ್ತು. ಊದಿದ. ಅವಳು ಒಂದು ಬೆರಳು ಎತ್ತಿದಳು. ಮತ್ತೊಮ್ಮೆ ಊದಿದ. ಎರಡನೆಯ ಬೆರಳು.

ಅಕ್ಕಿ ಚೀಲದ ಪಕ್ಕದಿಂದ ಮೊದಲು ಮೂಗು ಕಂಡಿತು.

ಕುಡಿತಿನಿ ದಾಟುವಾಗ ಬಿಸಿಲು ಏರಿತ್ತು. ಹೇಮಾವತಿ ವ್ಯಾನು ಓಡಿಸುತ್ತಿದ್ದಳು. ಹಿಂದೆ ಕೌದಿಯ ಮೇಲೆ ಕೆಂಪಿ, ಅದರ ಪಕ್ಕೆಲುಬಿನ ಮೇಲೆ ಪಾಲಪ್ಪನ ಅಂಗೈ. ರಸ್ತೆ ಬದಿಯ ಊರಲ್ಲಿ ಯಾರೋ ಸರಪಟಾಕಿ ಹಚ್ಚಿದರು. ಅವನಿಗೆ ಕೇಳಲಿಲ್ಲ, ಅಂಗೈಗೆ ಗೊತ್ತಾಯಿತು. ಇನ್ನೊಂದು ಕೈಯಿಂದ ಕಿಟಕಿಯ ಗಾಜು ಎಳೆದು ಮುಚ್ಚಿದ. ಅಂಗೈ ಅಲ್ಲೇ ಇತ್ತು.